ಎರಡು ಸಲ ತಟ್ಟಿದರೆ ನಿಲ್ಲಿಸು

ಮೊದಲೇ ಹೇಳ್ಬಿಡ್ತೀನಿ... ಇದು ಕಟ್ಟುಕತೆ ಅಲ್ಲ. ಎಲ್ಲೋ ಯಾರಿಗೋ ಆಗಿದ್ದೂ ಅಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ನಂಬೋರು ನಂಬಿ, ಇಲ್ದೇ ಇದ್ದೋರು ಹೋಗಿ ಮಲ್ಕೊಳ್ಳಿ. ಮಧ್ಯೆ ಮಾತ್ರ ಬಾಯಿ ಹಾಕ್ಬೇಡಿ.

ಅವನನ್ನ ಎಲ್ರೂ ಸೈಲೆನ್ಸರ್ ಅಂತಾರೆ. ಮಾತು ಕಮ್ಮಿ ಅಂತಲ್ಲ. ಬಾಯಿ ತೆಗೆದ್ರೆ ಸೈಲೆನ್ಸರ್ ಕಿತ್ತೋದ ಗಾಡಿ, ಪಕ್ಕದ ಬೀದಿಗೂ ಕೇಳ್ಸುತ್ತೆ. ಅವತ್ತು ರಾತ್ರಿ ಅವನು ಖಾಲಿ ಪಿಕಪ್ ಓಡಿಸ್ಕೊಂಡು ಒಬ್ನೇ ಮನೆಗೆ ಬರ್ತಿದ್ದ. ಊರಿಗೆ ಇನ್ನೇನು ಒಂದು ಫರ್ಲಾಂಗು ಅನ್ನುವಾಗ, ಹಳೇ ಬಾವಿ ಹತ್ರ, ಬಾನೆಟ್ ಒಳಗಿಂದ ಗರಗರಗರ ಅಂತ ಸದ್ದು. ಆಮೇಲೆ ಬುಸ್ಸ್... ಅಂತ ಹಬೆ. ಗಾಡಿ ನಿಂತಿತು.

ಬಾವಿ ಇದೆಯಲ್ಲ ಅಂತ ಇವನು ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಿದ. ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತೆಗೆದ. ಬಕೆಟ್ ಎತ್ತಿ ಇನ್ನೇನು ಬಗ್ಗಿಸ್ಬೇಕು...

ಟಣ್ ಟಣ್.

ಗಾಡಿ ಕೆಳಗಿಂದ ಬಂತು. ಇವನ ಕೈ ತಾನಾಗೇ ನಿಂತುಹೋಯ್ತು.

ಯಾಕೆ ನಿಂತಿತು ಅಂತ ಹೇಳ್ಬೇಕು, ಇಲ್ದಿದ್ರೆ ನಿಮಗೆ ಕತೆ ಹತ್ತಲ್ಲ. ಆ ಪಿಕಪ್ ಅವನ ಭಾವಂದು. ಅಕ್ಕನ ಗಂಡ, ಮೆಕ್ಯಾನಿಕ್, ಮನೆ ಪಕ್ಕದಲ್ಲೇ ತಗಡಿನ ಶೆಡ್ಡು. ಸೈಲೆನ್ಸರ್ ಅಂತ ಹೆಸರಿಟ್ಟೋರೂ ಅವರೇ. ಭಾವ ಗಾಡಿ ಕೆಳಗೆ ಮಲಗಿದ್ರೆ ಮಾತಿಲ್ಲ. ಇಂಜಿನ್ ಸದ್ದಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಅದಕ್ಕೇ ಕೈಲಿರೋ ಸ್ಪ್ಯಾನರಿಂದ ಕಬ್ಬಿಣಕ್ಕೆ ತಟ್ಟೋರು. ಒಂದು ಸಲ ತಟ್ಟಿದ್ರೆ ಹೊಡಿ, ಅಂದ್ರೆ ಸ್ಟಾರ್ಟ್ ಮಾಡು. ಎರಡು ಸಲ ತಟ್ಟಿದ್ರೆ ನಿಲ್ಸು. ವರ್ಷಗಟ್ಟಲೆ ಸೀಟಲ್ಲಿ ಕೂತು ಕೂತು ಇವನಿಗೆ ಅದು ಎಷ್ಟು ಮೈಗೆ ಹತ್ತಿತ್ತು ಅಂದ್ರೆ, ಹೋಟೆಲಲ್ಲಿ ಯಾರಾದ್ರೂ ಲೋಟಕ್ಕೆ ಚಮಚದಿಂದ ಎರಡು ಸಲ ಬಡಿದ್ರೆ ಅಗಿಯೋದು ನಿಲ್ಲಿಸ್ತಿದ್ದ. ನಗಬೇಡಿ, ನಾನೇ ನೋಡಿದೀನಿ.

ಆ ಭಾವ ತೀರಿಹೋಗಿ ಆಗ ಇನ್ನೂ ವರ್ಷ ತುಂಬಿರ್ಲಿಲ್ಲ. ಗಾಡಿ ಕೆಳಗೆ ಮಲಗಿದೋರು ಏಳ್ಲೇ ಇಲ್ಲ. ಎದೆ ನಿಂತಿತ್ತು. ಕೈಲಿದ್ದ ಹನ್ನೆರಡನೇ ನಂಬರ್ ಸ್ಪ್ಯಾನರ್ ಬಿಡಿಸೋಕೆ ನೋಡಿದ್ರು, ಬೆರಳು ಬಿಚ್ಚಲಿಲ್ಲ. "ಇರ್ಲಿ ಬಿಡಿ, ಅದು ಅವನದೇ" ಅಂದ್ಳು ಅವರಮ್ಮ. ಸ್ಪ್ಯಾನರ್ ಅವರ ಜೊತೆಗೇ ಮಣ್ಣಿಗೆ ಹೋಯ್ತು.

ಈಗ ಬಾವಿ ಹತ್ರಕ್ಕೆ ಬನ್ನಿ. ಬಕೆಟ್ ಕೈಲಿ ಹಿಡಿದು ನಿಂತ ಸೈಲೆನ್ಸರ್ ತನಗೆ ತಾನೇ ಸಮಾಧಾನ ಹೇಳ್ಕೊಂಡ. ಕಾದ ಕಬ್ಬಿಣ ಆರುವಾಗ ಸದ್ದು ಮಾಡುತ್ತೆ, ಅಷ್ಟೇ. ಆದ್ರೂ ನೀರು ಹುಯ್ಯಲಿಲ್ಲ. ಆಗಲೇ ನೆನಪಾಯ್ತಂತೆ, ಕಾದ ಇಂಜಿನ್ನಿಗೆ ತಣ್ಣೀರು ಹುಯ್ದ್ರೆ ಹೆಡ್ಡು ಬಿರುಕು ಬಿಡುತ್ತೆ, ಆಮೇಲೆ ಗಾಡಿ ತೂಕಕ್ಕೆ ಹಾಕೋದೇ ಗತಿ. ಬಕೆಟ್ ಅಲ್ಲೇ ಇಟ್ಟ. ಬಗ್ಗಿ ಗಾಡಿ ಕೆಳಗೆ ನೋಡೋ ಧೈರ್ಯ ಮಾತ್ರ ಬರಲಿಲ್ಲ. ಹಿಂದೆ ತಿರುಗದೆ ಬಾವಿ ದಾಟಿ ಮನೆ ಕಡೆ ನಡೆದ.

ತಪ್ಪು ಅವನದ್ದೇ, ಅದೂ ಅವನಿಗೆ ಗೊತ್ತಿತ್ತು. ನೀರಿನ ಪಂಪು ಸೋರ್ತಿತ್ತು. ಆ ಪಂಪಿನ ಹೊಟ್ಟೆ ಕೆಳಗೆ ಒಂದು ಸಣ್ಣ ತೂತು ಇರುತ್ತೆ. ಒಳಗಿನ ಸೀಲು ಹಾಳಾದ್ರೆ ನೀರು ಅಲ್ಲಿಂದ ತೊಟ್ಟಿಕ್ಕುತ್ತೆ, ಪಂಪಿನ ಕಾಲ ಮುಗೀತು ಅಂತ ಹೇಳೋಕೇ ಅದನ್ನ ಇಟ್ಟಿರೋದು. ಭಾವ ಹೊಸ ಪಂಪು ತಂದು ಶೆಡ್ಡಲ್ಲಿ ಇಟ್ಟೂ ಇದ್ರು. "ನಾನು ಹಾಕೋ ತನಕ ತೂತು ಮುಚ್ಬೇಡ ಕಣೋ" ಅಂದಿದ್ರು. ಹಾಕೋಕೆ ಅವರೇ ಇರ್ಲಿಲ್ಲ. ಶೆಡ್ಡಿನ ಬೀಗ ತೆಗೆಯೋಕೆ ಇವನಿಗೆ ಮನಸ್ಸೇ ಬರಲಿಲ್ಲ, ಸಂಕಟ ಆಗ್ತಿತ್ತು. ನಾಳೆ ನಾಳೆ ಅಂತ ತಳ್ಳಿ, ಬಟ್ಟೆ ಸೋಪು ಮೆತ್ತಿ ಆ ತೂತು ಮುಚ್ಚಿಬಿಟ್ಟಿದ್ದ. ಸೋರೋದೇನೋ ನಿಂತಿತು. ನೀರು ಒಳಗೊಳಗೇ ಬೇರಿಂಗಿಗೆ ನುಗ್ಗಿತ್ತು.

ಮನೆಗೆ ಬಂದ್ರೆ ಬಾಗಿಲು ತೆರೆದೇ ಇದೆ. ಅಡುಗೆಮನೆ ನೆಲದ ಮೇಲೆ ಅಕ್ಕ ಮುದುಡಿಕೊಂಡು ಬಿದ್ದಿದಾಳೆ. ಪಕ್ಕದಲ್ಲಿ ಭಾವನ ತಾಯಿ. ಎಲ್ರೂ ಅಜ್ಜಿ ಅಂತಾರೆ, ಕಿವಿ ಒಂಚೂರೂ ಕೇಳಲ್ಲ, ತುಟಿ ನೋಡಿ ಮಾತು ತಿಳ್ಕೋತಾಳೆ, ಮಂಡಿ ಮಡಚೋಕಾಗಲ್ಲ. ಅವಳ ಬೆರಳನ್ನ ಅಕ್ಕ ಗಟ್ಟಿ ಹಿಡ್ಕೊಂಡಿದ್ಳು.

"ಸಂಜೆಯಿಂದ ಹೊಟ್ಟೆನೋವು" ಅಂದ್ಳು ಅಜ್ಜಿ. "ಬರೀ ವಾಂತಿ... ಈಗ ಮೈ ಕೆಂಡ."

ಅಕ್ಕ ಕಣ್ಣು ಬಿಟ್ಟು ಪಿಸುಗುಟ್ಟಿದ್ಳು. "ಗಾಡಿ ತಂದ್ಯಾ..."

"ತಂದೆ ಅಕ್ಕ. ಹೋಗೋಣ" ಅಂದ ಇವನು. ಸುಳ್ಳು. ಇನ್ನೇನು ಹೇಳ್ತಾನೆ?

ಆಂಬುಲೆನ್ಸಿಗೆ ಫೋನ್ ಮಾಡಿದ. ಇರೋದು ಒಂದೇ, ಬೇರೆ ಕಡೆ ಹೋಗಿದೆ, ಬೆಳಗಿನ ಜಾವ ಆಗ್ಬಹುದು ಅಂದ್ರು. ಸುತ್ತ ಇದ್ದ ಮನೆಗಳಲ್ಲಿ ಸ್ಕೂಟರ್ ಬಿಟ್ರೆ ಏನಿಲ್ಲ, ಕೂರೋ ಸ್ಥಿತಿಯಲ್ಲಿ ಅಕ್ಕ ಇಲ್ಲ. ಅಪ್ಪ ಅಮ್ಮ ಹೋದಮೇಲೆ ಇವನನ್ನ ಸಾಕಿದೋಳು ಆ ಅಕ್ಕನೇ. ಅವಳು ಹೋದ್ರೆ ಇವನಿಗೆ ಹಿಂದಿಲ್ಲ ಮುಂದಿಲ್ಲ. ಒಂದು ಚೂರು ಸೋಪಿನಿಂದ ಅಕ್ಕನ್ನ ಕೊಂದೆ ಅಂತ ಅವನ ತಲೇಲಿ ಅದೊಂದೇ ತಿರುಗ್ತಿತ್ತು.

ಶೆಡ್ಡಿನ ಬೀಗಕ್ಕೆ ಕೀ ಹುಡುಕೋ ವ್ಯವಧಾನ ಇಲ್ಲ, ಕಲ್ಲಲ್ಲಿ ಜಜ್ಜಿ ಒಡೆದ. ಪಂಪು ಹಲಗೆ ಮೇಲೆ ಡಬ್ಬದಲ್ಲೇ ಇತ್ತು. ಅದನ್ನೂ ಟೂಲ್ ಪೆಟ್ಟಿಗೇನೂ ಸೈಕಲ್ ಕ್ಯಾರಿಯರಿಗೆ ಕಟ್ಟಿ, ಟಾರ್ಚು ಹಲ್ಲಲ್ಲಿ ಕಚ್ಚಿ, ಬಾವಿ ಕಡೆ ತುಳಿದ.

ನೂರು ಸಲ ನೋಡಿದ್ದ ಕೆಲಸ, ಒಂದು ಸಲಾನೂ ಮಾಡಿರ್ಲಿಲ್ಲ. ಫ್ಯಾನ್ ಬಿಚ್ಚಿದ, ಬೆಲ್ಟ್ ಇಳಿಸಿದ, ಹೋಸ್ ಪೈಪು ಎಳೆದ. ಪಂಪಿನ ಬೋಲ್ಟಿಗೆ ಬಂದ. ಎಲ್ಲಾ ಹನ್ನೆರಡರವು. ಪೆಟ್ಟಿಗೇಲಿ ಹತ್ತು ಇದೆ, ಹದಿಮೂರು ಇದೆ, ಹನ್ನೆರಡರ ಜಾಗ ಖಾಲಿ. ಅದು ಎಲ್ಲಿದೆ ಅಂತ ಅವನಿಗೆ ಗೊತ್ತು. ಬಾಯಿ ಅಗಲ ಮಾಡೋ ಸ್ಪ್ಯಾನರ್ ಹಾಕಿದ, ಜಾರಿತು. ಮತ್ತೆ ಹಾಕಿದ, ಗೆಣ್ಣಿನ ಚರ್ಮ ಕಿತ್ತುಬಂತು. ಹೇಗೋ ಹೆಣಗಾಡಿ ಒಂದೊಂದೇ ಬಿಚ್ಚಿದ. ಕೆಳಗಿನದೊಂದು ಮಾತ್ರ ಅಲ್ಲಾಡಲಿಲ್ಲ. ತುಕ್ಕು ಹಿಡಿದು ಕೂತಿತ್ತು. ಎಳೆದ, ಬೈದ, ಕೊನೆಗೆ ಬಂಪರಿಗೆ ಹಣೆ ಒತ್ತಿ ಅತ್ತುಬಿಟ್ಟ. ದೊಡ್ಡ ಗಂಡಸು, ರಸ್ತೆ ಮಧ್ಯೆ, ಬಿಕ್ಕಿ ಬಿಕ್ಕಿ.

"ಭಾವ... ನನ್ನ ಕೈಲಾಗಲ್ಲ."

ಆಗ ಕೇಳ್ತು. ಸರ್ರ್... ಸರ್ರ್... ಜಲ್ಲಿ ಮೇಲೆ ಗೋಣಿಚೀಲ ಎಳೆದ ಸದ್ದು. ಭಾವ ಯಾವಾಗ್ಲೂ ಗೋಣಿಚೀಲ ಹಾಸಿ, ಬೆನ್ನ ಮೇಲೆ ಜಾರ್ಕೊಂಡೇ ಗಾಡಿ ಕೆಳಗೆ ಹೋಗ್ತಿದ್ದಿದ್ದು. ಇವನ ಮೈಯೆಲ್ಲ ಮುಳ್ಳು. ಟಾರ್ಚು ಕೆಳಕ್ಕೆ ಬಿಡಲಿಲ್ಲ, ಕಾಲೂ ಕೀಳಲಿಲ್ಲ. ಕೆಳಗೆ ಯಾರೇ ಇರ್ಲಿ, ಅಕ್ಕ ಅಲ್ಲಿ ಸಾಯ್ತಿದಾಳೆ. ಕಣ್ಣು ಮುಚ್ಚಿ ಮತ್ತೊಂದು ಸಲ ಸ್ಪ್ಯಾನರ್ ಹಾಕಿ ಎಳೆದ.

ಟಕ್. ಬೋಲ್ಟು ಬಿಟ್ಟಿತು. ಬೆಣ್ಣೇಲಿ ತಿರುಗಿದ ಹಾಗೆ ತಿರುಗ್ತಾ ಬಂತು.

ಹಳೇ ಪಂಪು ತೆಗೆದ. ಸಂದಿಗೆ ಅಂಟಿದ್ದ ಹಳೇ ಪ್ಯಾಕಿಂಗ್ ಚಾಕುವಲ್ಲಿ ಕೆರೆದ, ಹೊಸ ಪ್ಯಾಕಿಂಗ್ ಇಟ್ಟು ಹೊಸ ಪಂಪು ಕೂರಿಸಿದ, ಬಿಗಿದ, ಬೆಲ್ಟ್ ಏರಿಸಿದ, ಫ್ಯಾನ್ ಹಾಕಿದ, ಪೈಪು ಸೇರಿಸಿದ. ಅಷ್ಟೊತ್ತಿಗೆ ಇಂಜಿನ್ ಪೂರ್ತಿ ಆರಿತ್ತು. ಬಕೆಟ್ ನೀರು ಹುಯ್ದ. ಸೀಟಲ್ಲಿ ಕೂತು, ಕೀ ಮೇಲೆ ಕೈ ಇಟ್ಟು... ಕಾಯ್ತಾ ಕೂತ. ಯಾಕೆ ಅಂದ್ರೆ ರೂಢಿ. ತಾನು ಏನಕ್ಕೆ ಕಾಯ್ತಿದೀನಿ ಅಂತ ಆಗ ಹೊಳೀತಂತೆ.

ಟಣ್.

ಒಂದೇ ಸಲ. ಕೀ ತಿರುಗಿಸಿದ. ಗಾಡಿ ಸ್ಟಾರ್ಟ್ ಆಯ್ತು. ಒಂದು ಹನಿ ಸೋರಲಿಲ್ಲ.

ಮನೆಗೆ ತಂದು ಅಕ್ಕನ್ನ ಎತ್ಕೊಂಡ. ಮುಂದಿನ ಸೀಟಲ್ಲಿ ಮಡಚಿ ಕೂರಿಸೋಕೆ ಹೋದ್ರೆ ನೋವಿಗೆ ಚೀರಿದ್ಳು. ಹಿಂದೆ ಹಾಸಿಗೆ ಹಾಕಿ ಅಂಗಾತ ಮಲಗಿಸಿದ, ಹೊದಿಸಿದ. ಅಜ್ಜಿಗೆ ಹಿಂದಕ್ಕೆ ಹತ್ತೋಕಾಗಲ್ಲ, ಮುಂದೆ ಕೂರಿಸ್ಕೊಂಡ. ಕ್ಯಾಬಿನ್ನಿನ ಹಿಂದಿನ ಗಾಜಿಗೆ ಎಂದೋ ತಗಡು ಹೊಡೆದಿದ್ರು, ಹಿಂದೆ ಏನಾಗ್ತಿದೆ ಅಂತ ಕಾಣೋ ಹಾಗಿಲ್ಲ. ಆಸ್ಪತ್ರೆ ದೂರ. ಆಕ್ಸಿಲರೇಟರ್ ತುಳಿದ.

ಮೊದಮೊದಲು ಅಕ್ಕನ ನರಳಾಟ ಕೇಳ್ತಿತ್ತು. ಆಮೇಲೆ ನಿಂತಿತು. ನಿದ್ದೆ ಹತ್ತಿರ್ಬೇಕು, ಒಳ್ಳೇದಾಯ್ತು ಅಂದ್ಕೊಂಡ. ಏರು ಹತ್ತಿ ತಿರುಗಿದ್ರೆ ದೂರದಲ್ಲಿ ಆಸ್ಪತ್ರೆ ದೀಪ ಕಂಡವು. ಆಗ...

ಟಣ್ ಟಣ್.

ಹಿಂದಿನಿಂದ. ಕೆಳಗಿನಿಂದ. ಗಾಡಿ ಓಡ್ತಾ ಇದೆ, ನೆನಪಿರ್ಲಿ. ಇವನ ಕಾಲು ಬ್ರೇಕ್ ಮೇಲೆ ಹೋಯ್ತು, ಹಲ್ಲು ಕಚ್ಚಿ ಹಿಂದಕ್ಕೆ ತಗೊಂಡ. ದೀಪ ಕಾಣ್ತಿದೆ. ಈಗ ನಿಲ್ಸಿದ್ರೆ ಗಾಡಿ ಮತ್ತೆ ಹೊರಡುತ್ತೋ ಇಲ್ವೋ ಯಾರಿಗೆ ಗೊತ್ತು. "ಇಲ್ಲ ಭಾವ, ನಿಲ್ಸಲ್ಲ" ಅಂದ, ಬಾಯಿ ಒಳಗೇ.

ಟಣ್. ಟಣ್.

ಈ ಸಲ ಜೋರು. ಸೀಟು ಅದುರ್ತು. ಗೇರ್ ಮೇಲಿದ್ದ ಅವನ ಕೈ ಮೇಲೆ ಅಜ್ಜಿಯ ಕೈ ಬಂದು ಕೂತಿತು. ಕಿವಿ ಕೇಳದ ಅಜ್ಜಿ. ಮುಂದಿನ ರಸ್ತೇನೇ ನೋಡ್ತಾ ಮೆಲ್ಲಗೆ ಅಂದ್ಳು.

"ನಿಲ್ಸು ಮಗಾ... ಅವನು ನಿಲ್ಸು ಅಂತಿದಾನೆ."

"ಅಜ್ಜಿ, ನಿನಗೆ ಹೇಗೆ..."

"ಪಾದಕ್ಕೆ ತಗುಲ್ತು. ನಿಲ್ಸು."

ನಿಲ್ಸಿದ. ಓಡಿಹೋಗಿ ಹಿಂದೆ ಹತ್ತಿ ಟಾರ್ಚು ಬಿಟ್ಟ. ಅಕ್ಕ ಅಂಗಾತ ಮಲಗಿದಾಳೆ, ಪ್ರಜ್ಞೆ ಇಲ್ಲ. ಬಾಯ್ತುಂಬ ವಾಂತಿ, ಮುಖ ನೀಲಿ, ಎದೆ ಏಳ್ತಿಲ್ಲ. ಮಗ್ಗುಲಿಗೆ ಹೊರಳಿಸಿದ, ಬಾಯಿಗೆ ಬೆರಳು ಹಾಕಿ ತೋಡಿ ತೆಗೆದ, ಬೆನ್ನಿಗೆ ಗುದ್ದಿದ. "ಅಕ್ಕ... ಅಕ್ಕ ಉಸಿರಾಡೇ..." ಎಷ್ಟು ಹೊತ್ತೋ. ಕೊನೆಗೆ ಗೊರ್ರ್... ಅಂತ ಒಂದು ಸದ್ದು, ಆಮೇಲೆ ಕೆಮ್ಮು, ಆಮೇಲೆ ಉಸಿರು.

ಅಜ್ಜಿ ಕಿಟಕಿಯಿಂದ ತಲೆ ಹಾಕಿ ಕೇಳ್ತಿದ್ಳು, "ಇದಾಳಾ?"

ಇವನು ತಲೆ ಆಡಿಸಿದ. ಹೊದಿಕೆ ಸುತ್ತಿ ಅಕ್ಕನ ಬೆನ್ನಿಗೆ ಆನಿಸಿ, ಮಗ್ಗುಲಾಗೇ ಇರೋ ಹಾಗೆ ಮಾಡಿ ಇಳಿದು ಬಂದ. ಸೀಟಲ್ಲಿ ಕೂತು ಕೀ ಹಿಡಿದ. ಕೆಳಗಿಂದ ಮೆತ್ತಗೆ...

ಟಣ್.

ಹೊಡೆದ. ಆಸ್ಪತ್ರೆ ಬಾಗಿಲ ತನಕ ಮತ್ತೇನೂ ಕೇಳಲಿಲ್ಲ.

ಒಳಗೆ ಕರುಳಿನ ತುದಿ, ಅಪೆಂಡಿಕ್ಸ್ ಅಂತಾರಲ್ಲ, ಅದು ಒಡೆದು ಕೀವು ತುಂಬಿತ್ತಂತೆ, ಅವತ್ತೇ ಆಪರೇಷನ್ ಆಯ್ತು. ಡಾಕ್ಟ್ರು ಇವನನ್ನ ಕರೆದು, "ದಾರೀಲಿ ನಿಲ್ಸಿ ಮಗ್ಗುಲು ಮಾಡ್ದೇ ಇದ್ದಿದ್ರೆ ನೀವು ತರ್ತಿದ್ದಿದ್ದು ಹೆಣ. ಹಿಂದೆ ಯಾರು ನೋಡ್ಕೊಂಡಿದ್ರು?" ಅಂದ್ರು. ಊರೆಲ್ಲ ಕೇಳೋ ಹಾಗೆ ಮಾತಾಡೋನು, ಹೊರಗೆ ನಿಂತಿದ್ದ ಗಾಡಿ ಕಡೆ ತಿರುಗಿ ನೋಡಿದ. ಅಕ್ಕನಿಗೇನೂ ನೆನಪಿಲ್ಲ. ಅವಳು ಈಗ ಚೆನ್ನಾಗಿದಾಳೆ, ನನ್ನ ನಿಮ್ಮ ಹಾಗೇ ಓಡಾಡ್ಕೊಂಡು. ಅಜ್ಜಿಯನ್ನ ಕೇಳಿದ್ರೆ, "ಗಂಡ ನಿಲ್ಸು ಅಂದ, ತಮ್ಮ ನಿಲ್ಸಿದ, ಅದಕ್ಕೇ ಉಳಿದ್ಳು" ಅಂತ ನಗ್ತಾಳೆ, ಕಣ್ಣೊರೆಸ್ಕೊಂಡು.

ಅಕ್ಕ ಮನೆಗೆ ಬಂದ ಮೇಲೆ ಇವನು ಗಾಡಿ ತೊಳೆಯೋಕೆ ನಿಂತ. ಹಾಸಿಗೆ ತೆಗೆದು ಹಿಂದಿನ ತಗಡಿಗೆ ನೀರು ಬಿಟ್ಟು ಉಜ್ಜುವಾಗ ಅಂಗೈಗೆ ಏನೋ ತಗುಲಿತು. ಅಕ್ಕನ ತಲೆ ಇತ್ತಲ್ಲ, ಆ ಜಾಗ. ಸಣ್ಣ ಸಣ್ಣ ಗುಬುಟು, ಬಣ್ಣ ಹಾರಿ ಒಳಗಿನ ಕಬ್ಬಿಣ ಹೊಳೀತಿದೆ. ಮೇಲಿಂದ ಏನಾದ್ರೂ ಬಿದ್ದಿದ್ರೆ ತಗ್ಗು ಆಗ್ಬೇಕು. ಇವು ಕೆಳಗಿಂದ ಮೇಲಕ್ಕೆ ಉಬ್ಬಿವೆ.

ಸುಳ್ಳು ಅನ್ನೋರು ಬೆಳಗಾಗ್ಲಿ, ನನ್ನ ಜೊತೆ ಬನ್ನಿ. ಗಾಡಿ ಶೆಡ್ಡಲ್ಲೇ ಇದೆ. ನಾನು ಕೈಯಾಡಿಸಿ ನೋಡಿದೀನಿ, ನೀವೂ ಆಡಿಸಿ. ಎರಡು ಒತ್ತೊತ್ತಿಗೆ... ಅದರ ಪಕ್ಕ ಇನ್ನೆರಡು, ಸ್ವಲ್ಪ ದೊಡ್ಡವು... ಆಮೇಲೆ ಒಂದು ಗೇಣು ದೂರದಲ್ಲಿ, ಒಂದೇ ಒಂದು.