ಅಕ್ಕ ಕೊಟ್ಟ ಮಾತ್ರೆ

ಬೇಸಿಗೆಯ ಒಂದು ಬುಧವಾರ, ಬೆಳಿಗ್ಗೆ ಹತ್ತರ ಹೊತ್ತು. ಕಿವಿ ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಮುದುಕನ ಪಕ್ಕದಲ್ಲಿ ಹೊಲಿಗೆ ಮೆಷಿನ್ ರಿಪೇರಿಯವನೊಬ್ಬ ತನ್ನ ಅಕ್ಕನ ಜೊತೆ ಬಂದು ಕೂತ. ಮುದುಕ ಕಣ್ಣು ಮುಚ್ಚಿಕೊಂಡಿದ್ದ. ಅವರ ಮಾತು ತಾನಾಗಿಯೇ ಅವನ ಕಿವಿಗೆ ಬಿತ್ತು.

“ಕಿವಿಯಲ್ಲಿ ಗುಂಯ್ ಅನ್ನೋದು ನಿಂತಿತೇನೋ?”

“ಎಲ್ಲಿ ನಿಲ್ಲುತ್ತಕ್ಕಾ. ನಿನ್ನೆ ರಿಪೇರಿಗೆ ಬಂದ ಮೆಷಿನ್ ಒಳಗಿನ ಸದ್ದು ಕೇಳೋಕೆ ಸ್ಕ್ರೂಡ್ರೈವರ್ ತುದಿ ಅದಕ್ಕಿಟ್ಟು ಹಿಡಿ ಕಿವಿಗೆ ಹಚ್ಚಿದೆ. ಗುಂಯ್ ಅಂತು. ಪೂರ್ತಿ ಬಿಚ್ಚಿ ನೋಡಿದ್ರೆ ಮೆಷಿನ್ ಸರಿಯಾಗೇ ಇದೆ, ಸದ್ದು ನನ್ನದೇ.”

“ಹಾಗಾದ್ರೆ ನಾನು ಮೂಲಿಕೆ ಅಂಗಡಿಯಿಂದ ತಂದುಕೊಟ್ಟ ನೆಮ್ಮದಿ ಮಾತ್ರೆ ದಂಡ ಅನ್ನು.”

“ದಂಡ ಅಲ್ಲ. ಸದ್ದು ಹಾಗೇ ಇದೆ, ಅದರ ಭಯ ಸ್ವಲ್ಪ ಇಳಿದಿದೆ. ಮಾತ್ರೆಯಿಂದಲೋ, ನೀನು ದಿನಾ ಬಂದು ಹರಟಿದ್ದರಿಂದಲೋ, ಗೊತ್ತಿಲ್ಲ.”

“ಡಾಕ್ಟರಿಗೆ ಹೇಳಿದೀಯಾ?”

“ಹೋದ ಸಲ ಬಂದಾಗ ಬೇರೆ ಮಾತ್ರೆ ಏನಾದ್ರೂ ತಗೋತೀರಾ ಅಂತ ಕೇಳಿದ್ರು. ಇಲ್ಲ ಅಂದುಬಿಟ್ಟೆ.”

“ಬಿ.ಪಿ. ಮಾತ್ರೆ ಬೇರೆ ನುಂಗ್ತೀಯ. ಎರಡೂ ಹೊಂದುತ್ತೋ ಇಲ್ಲವೋ ಅವರಿಗಲ್ಲವೇನೋ ಗೊತ್ತು? ಯಾಕೆ ಮುಚ್ಚಿಟ್ಟೆ?”

“ಕೊಟ್ಟವರು ಯಾರು ಅಂತಾರೆ. ನಿನಗೆ ಬೈತಾರೆ.”

“ಚಿಕ್ಕಂದಿನಲ್ಲಿ ಅಮ್ಮನ ಹತ್ತಿರ ನಿನ್ನ ಪಾಲಿಂದೂ ನಾನೇ ಬೈಸಿಕೊಂಡೆ. ಇದೊಂದು ಹೆಚ್ಚಾಯ್ತೇ?”

ಮುದುಕನಿಗಿಂತ ಮೊದಲೇ ಹೆಸರು ಬರೆಸಿದ್ದ ತಮ್ಮನಿಗೆ ಒಳಗಿನಿಂದ ಕರೆ ಬಂತು. ಅಕ್ಕ ತಮ್ಮನ ಜೇಬಿನಿಂದ ಮಾತ್ರೆ ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದಳು. ತಮ್ಮ ಏಳುವ ಮೊದಲೇ ಬೆಂಚಿನಿಂದ ಎದ್ದು ಒಳಹೋದವಳು ಅವಳೇ. ತಮ್ಮ ಅವಳ ಹಿಂದೆ ಹೋದ.