ಅವ್ವನಿಗೊಂದು ಕುರ್ಚಿ

ತೆರಕಣಾಂಬಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಕಟ್ಟು ಹಾಕಿಸಿದ ಹೊಸ ಫೋಟೊದ ಕಾಗದ ಬಿಚ್ಚಿ ಗೆಳತಿಗೆ ತೋರಿಸಿದಳು.

“ನಿಮ್ಮಪ್ಪ, ನಿಮ್ಮವ್ವ ಜೊತೇಲಿ ಯಾವಾಗ ತೆಗುಸ್ಕಂಡಿದ್ರು ದುಂಡಕ್ಕ?”

“ಎಲ್ಲಿ ತೆಗುಸ್ಕಂಡ್ರು! ನನ್ ಮಗಳು ಗೌರಿ ಕಂಪ್ಯೂಟರ್‌ನಲ್ಲಿ ಸೇರ್ಸವ್ಳೆ. ಅವ್ವಂದು ವೋಟರ್ ಕಾರ್ಡ್‌ನಲ್ಲಿ ಬರೀ ಮೊಖ ಇತ್ತು. ನನ್ನೇ ಕುರ್ಚೀಲಿ ಕೂರ್ಸಿ ಫೋಟೊ ತೆಗುದು, ಅದಕ್ಕೆ ಅವ್ವನ ಮೊಖ ಇಟ್ಟವ್ಳೆ. ಸೀರೆ ನಂದೇಯ!”

“ಆದ್ರೂ ಉಲ್ಟಾ ಆಗೋಗದೆ ಕಣಕ್ಕ. ನಿಮ್ಮವ್ವ ಕೂತವ್ಳೆ, ನಿಮ್ಮಪ್ಪ ಹಿಂದೆ ನಿಂತವ್ರೆ!”

“ನಾನೇ ಅಂಗೆ ಮಾಡ್ಸಿದ್ದು. ಅಪ್ಪನ ಎದ್ರು ಅವ್ವ ಒಂದಿನಾನೂ ಕುರ್ಚಿ ಮ್ಯಾಲೆ ಕೂತೋಳಲ್ಲ.”

“ಬದುಕಿದ್ದಿದ್ರೆ ನಿಮ್ಮಪ್ಪ ಸುಮ್ಕಿರ್ತಿದ್ರಾ?”

“ಈಗ ನೋಡು, ಎಂಗೆ ಸುಮ್ಕೆ ನಿಂತವ್ರೆ!”

ಗುಂಡ್ಲುಪೇಟೆ ಬಸ್ಸು ಬಂತು. ದುಂಡಕ್ಕ ಗಾಜನ್ನು ಸೆರಗಿನಲ್ಲಿ ಒರೆಸಿದಳು. ಮತ್ತೆ ಕಾಗದ ಸುತ್ತಲಿಲ್ಲ. ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದುಕೊಂಡೇ ಹತ್ತಿದಳು.