ಇನ್ನೂರೈವತ್ತು ಗಂಟೆಯ ದೀಪ

ತೋಟದ ಬಾವಿ ಎಂದ ಮೇಲೆ ಕಪ್ಪೆ ವಟಗುಟ್ಟುತ್ತದೆ, ಒಣಗಿದ ಗರಿ ಬಿದ್ದರೆ ಸಪ್ಪಳವಾಗುತ್ತದೆ. ಆದರೆ ಆ ರಾತ್ರಿ ನಾಗಭೂಷಣ ಹೊನ್ನವಳ್ಳಿಯ ಆ ಬಾವಿ ದಾಟುವಾಗ ಒಳಗಿಂದ ಬಂದದ್ದು... ಕೀಂ.

ಒಂದೇ ಸಲ. ಸಣ್ಣಗೆ, ಚೂಪಾಗಿ. ಏ.ಸಿ.ಯ ಗುಂಡಿ ಒತ್ತಿದಾಗ ಏ.ಸಿ. ಕೊಡುವ ಸದ್ದು ಅದು. ದಿನಕ್ಕೆ ಹತ್ತು ಸಲ ಅದನ್ನೇ ಕೇಳುವವನ ಕಿವಿ ತಪ್ಪುವುದಿಲ್ಲ.

ಬ್ಯಾಟರಿ ಹಿಡಿದು ದಾರಿ ತೋರಿಸುತ್ತಿದ್ದ ತೋಟದ ಆಳು ಹುಚ್ಚರಂಗಯ್ಯ ನಿಂತುಬಿಟ್ಟ.

"ಕೇಳುಸ್ತಾ?" ಎಂದು ಪಿಸುಗುಟ್ಟಿದ.

"ಏನು?"

"ಏನಿಲ್ಲ ಬುಡಿ... ನಡೀರಿ."

ನಾಗಭೂಷಣ ನಕ್ಕ. ಹಳ್ಳಿಯವರನ್ನು ಕಂಡರೆ ಅವನು ನಗುವುದೇ ಹಾಗೆ, ಮೂಗಿನಿಂದ. ತಿಪಟೂರಿನಲ್ಲಿ ಅವನು ನಮ್ಮ ಪಕ್ಕದ ಮನೆಯವನು. ಫ್ರಿಜ್ಜು, ಏ.ಸಿ. ರಿಪೇರಿ ಮಾಡುತ್ತಿದ್ದ. ನಾನು ಹೇಳುತ್ತಿರುವುದು ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯ ಮಾತು. ಅವನ ಅಪ್ಪ ಚಿತ್ತಪ್ಪ ಹುಳಿಯಾರಿನ ಕಡೆಯ ಹಟ್ಟಿಯಲ್ಲಿ ಆಗಲೂ ಕುರಿ ಕಾಯುತ್ತಿದ್ದ. ಅದನ್ನು ಯಾರಾದರೂ ನೆನಪಿಸಿದರೆ ಮಗನಿಗೆ ಮೈಯೆಲ್ಲ ಉರಿಯುತ್ತಿತ್ತು. ಕುರಿ ಹಿಂದೆ ಹೋಗುವುದು ತಲೆಯಿಲ್ಲದವರ ಕೆಲಸ ಎನ್ನುತ್ತಿದ್ದ. ಇದನ್ನು ಯಾಕೆ ಹೇಳಿದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಅಂದು ಅವನು ಹೋಗಿದ್ದು ಕೊಬ್ಬರಿ ವ್ಯಾಪಾರಿ ರಂಗನಾಥನ ಮನೆಗೆ. ರಂಗನಾಥನ ಅಪ್ಪ ಮೂಡಲಗಿರಿಯಪ್ಪನಿಗೆ ಉಬ್ಬಸವಿತ್ತು. ಅವನಿಗೆಂದೇ ಏ.ಸಿ. ಹಾಕಿಸಿದ್ದರು. ಮುದುಕ ಚಳಿಗಾಲದಲ್ಲಿ ಅದೇ ಕೋಣೆಯಲ್ಲಿ ತೀರಿಕೊಂಡ. ಕೋಣೆಗೆ ಬೀಗ ಬಿತ್ತು. ಆಮೇಲೆ ಏ.ಸಿ.ಯನ್ನು ಯಾರೂ ಓಡಿಸಲಿಲ್ಲ. ಆದರೂ ಅದರ ಮುಖದ ಮೇಲೆ ಒಂದು ಹಳದಿ ದೀಪ ಉರಿಯುತ್ತಲೇ ಇತ್ತು. ಬಾಗಿಲ ಸಂದಿಯಿಂದ ಹಜಾರಕ್ಕೆ ಕಾಣುತ್ತಿತ್ತು. ಕತ್ತಲಾದ ಮೇಲೆ ಆಳುಗಳು ಹಜಾರಕ್ಕೆ ಬರುವುದನ್ನೇ ಬಿಟ್ಟಿದ್ದರು.

ಈ ದೀಪದ ವಿಚಾರ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಏ.ಸಿ.ಯೊಳಗೆ ಗಾಳಿ ಸೋಸುವ ಒಂದು ಬಲೆಯಿರುತ್ತದೆ, ಸೊಳ್ಳೆಪರದೆಯಂಥದ್ದು. ಅದೇ ಫಿಲ್ಟರ್. ಅದನ್ನು ತೊಳೆಯಿರಿ ಎಂದು ನೆನಪಿಸುವುದು ದೀಪದ ಕೆಲಸ. ಆದರೆ ದೀಪಕ್ಕೆ ದೂಳು ಕಾಣುವುದಿಲ್ಲ, ಅದು ಬರೀ ಗಂಟೆ ಎಣಿಸುತ್ತದೆ. ಒಳಗಿನ ಫ್ಯಾನು ಇನ್ನೂರೈವತ್ತು ಗಂಟೆ ತಿರುಗಿದ ಮೇಲೆ ಹತ್ತಿಕೊಳ್ಳುತ್ತದೆ. ತೊಳೆದಾದ ಮೇಲೆ ಒಂದು ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಆಗ ಆರುತ್ತದೆ, ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಒತ್ತದಿದ್ದರೆ ನೂರು ಸಲ ತೊಳೆದರೂ ಆರುವುದಿಲ್ಲ. ರಂಗನಾಥನ ಮನೆಯವರು ತೊಳೆದಿದ್ದರು, ಒತ್ತಿರಲಿಲ್ಲ.

ಫಿಲ್ಟರ್ ಈಚೆಗೆ ಎಳೆದರೆ ಬೆರಳಿಗೆ ಅಂಟಿಕೊಂಡಿತು. ತೆಂಗಿನ ನಾರಿನ ಪುಡಿ ಕಂಬಳಿಯ ಹಾಗೆ ಮೆತ್ತಿತ್ತು. ನಾಗಭೂಷಣ ಮೂಸಿ ನೋಡಿದ. ಕೊಬ್ಬರಿ ಎಣ್ಣೆ.

"ಇದಕ್ಕೆ ಎಣ್ಣೆ ಹಚ್ಚಿದ ಪುಣ್ಯಾತ್ಮರು ಯಾರು?"

"ನಾನೇ ಕಣಪ್ಪ," ಎಂದಳು ಮುದುಕನ ಹೆಂಡತಿ ಹಾಲಮ್ಮ. "ತೊಳ್ದ ಮ್ಯಾಲೆ ಒಣಕಲಾಗಿ ಕಾಣ್ತು. ಒಂದು ತೊಟ್ಟು ಸವರ್ದೆ." ಬಾಗಿಲ ಕೀಲಿನಿಂದ ಮೊಮ್ಮಕ್ಕಳ ನೆತ್ತಿಯವರೆಗೆ ಆ ಮನೆಯಲ್ಲಿ ಎಲ್ಲಕ್ಕೂ ಅವಳ ಮದ್ದು ಅದೊಂದೇ.

"ಕೂಸಿಗೆ ಎಣ್ಣೆ ನೀರು ಹಾಕ್ದಂಗೆ ಹಾಕಿದೀರಲ್ಲಜ್ಜಿ. ಕೇಳ್ಕಳಿ. ಬ್ರಷ್ಷಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳ್ದು, ನೆರಳಲ್ಲಿ ಒಣಗಿಸ್ಬೇಕು. ಬಿಸಿಲಿಗೆ ಹಾಕಿದ್ರೆ ಸೊಟ್ಟ ಆಗ್ತದೆ. ಎಣ್ಣೆ ತಾಕಿಸ್ಬ್ಯಾಡಿ. ಆಮೇಲೆ ಗುಂಡಿ ಒತ್ತಿ. ಕುರಿಗೆ ಹೇಳಿದ್ರೂ ಇಷ್ಟೊತ್ತಿಗೆ ಕಲ್ತಿರೋದು."

ಎಣ್ಣೆ ಬಿಡಿಸಲು ಸೋಪಿನ ನೀರೇ ಬೇಕಾಯಿತು. ಒಣಗುವ ಹೊತ್ತಿಗೆ ಸಂಜೆ ಏಳು. ಗುಂಡಿ ಒತ್ತಿದ. ಕೀಂ. ದೀಪ ಆರಿತು.

"ಇವತ್ತು ಆರ್ತು," ಎಂದಳು ಹಾಲಮ್ಮ. "ಮತ್ತೆ ಹತ್ತುತ್ತೆ ತಗಾ. ಆ ಮನುಷ್ಯ ಅಲ್ಲಿಂದ ಎದ್ದಾನಾ? ಬದುಕಿದ್ದಾಗ್ಲೇ ಒಂದು ಲೋಟ ನೀರು ತಾನಾಗಿ ತಗೊಂಡು ಕುಡ್ದೋನಲ್ಲ. ಈಗ ತಣ್ಣಗೆ ಬಿದ್ಕಂಡವ್ನೆ."

ನಾಗಭೂಷಣನಿಗೆ ರೇಗಿತು. ರಂಗನಾಥನ ಎದುರು, ಹುಚ್ಚರಂಗಯ್ಯನ ಎದುರು ಹೇಳಿಬಿಟ್ಟ. "ಯಾರೂ ಓಡಿಸ್ದೆ ಈ ದೀಪ ಹತ್ತಿದ್ರೆ, ನನ್ನ ಸಾಮಾನಿನ ಚೀಲ ನಿಮ್ಮ ಬಾವಿಗೆ ಎಸ್ದು ಕುರಿ ಕಾಯಕ್ಕೆ ಹೋಗ್ತೀನಿ."

ಹಾಗೆ ಹೇಳಿ ಹೊರಟವನಿಗೇ ಬಾವಿಯ ಹತ್ತಿರ ಆ ಸದ್ದು ಕೇಳಿಸಿದ್ದು. ಕಿವಿಯಲ್ಲಿ ಉಳಿದ ಸದ್ದು ಎಂದುಕೊಂಡು ಬಸ್ಸು ಹತ್ತಿದ.

ಹನ್ನೊಂದನೆಯ ದಿನ ಬೆಳಿಗ್ಗೆ ರಂಗನಾಥನ ಫೋನು. "ಹತ್ತೈತೆ ಕಣಯ್ಯ. ಐದು ಗಂಟೆಗೆ."

ನಾಗಭೂಷಣ ಬೆರಳು ಮಡಿಸಿದ. ಸಂಜೆ ಏಳರಿಂದ ಹತ್ತು ದಿನ, ಮೇಲೆ ಹತ್ತು ಗಂಟೆ... ಸರಿಯಾಗಿ ಇನ್ನೂರೈವತ್ತು.

"ನೀವೇ ಯಾರೋ ಓಡಿಸಿದೀರಿ. ಹಗಲೂ ರಾತ್ರಿ."

"ಯಾವ ಕರೆಂಟಲ್ಲಿ? ದಿನಾ ಆರು ಗಂಟೆ ತೆಗೀತಾರೆ ಇಲ್ಲಿ."

ಅದು ನಿಜ. ಕರೆಂಟು ಹೋದರೆ ಫ್ಯಾನು ನಿಲ್ಲಬೇಕು, ಎಣಿಕೆಯೂ ನಿಲ್ಲಬೇಕು. ಒಂದು ಗಂಟೆಯೂ ತಪ್ಪದ ಹಾಗೆ ಆ ಊರಲ್ಲಿ ಏನೂ ಓಡಲಾರದು. ಉತ್ತರ ಹೊಳೆಯದಿದ್ದಾಗ ಬೈಯುವುದು ಅವನ ಅಭ್ಯಾಸ. ದಾರಿಯುದ್ದಕ್ಕೂ ಬೈದುಕೊಂಡೇ ಬಂದ.

ಫಿಲ್ಟರ್ ಮೇಲೆ ಹೊಸ ದೂಳಿತ್ತು. ತೊಳೆದು, ಒಣಗಿಸಿ, ಹಾಕಿ, ಬೆಳಿಗ್ಗೆ ಹತ್ತು ಗಂಟೆಗೆ ಗುಂಡಿ ಒತ್ತಿದ. ಪ್ಲಗ್ಗು ಕಿತ್ತು, ಅದರ ಮೂರು ಕಡ್ಡಿಗೂ ಕಪ್ಪು ಟೇಪು ಸುತ್ತಿ ನೆಲಕ್ಕೆ ಬಿಟ್ಟ. ಬಾಗಿಲಿಗೆ ತನ್ನದೇ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಇನ್ನ ನಿಮ್ಮ ಯಜಮಾನ್ರು ಅದೇನು ಓಡುಸ್ತಾರೋ ನೋಡನ. ಹತ್ತು ದಿನ ಬಿಟ್ಟು ರಾತ್ರಿ ಎಂಟಕ್ಕೆ ನಾನೇ ಬತ್ತೀನಿ."

ಬಂದ. ಹಜಾರದಲ್ಲಿ ಕರೆಂಟು ಇರಲಿಲ್ಲ. ರಂಗನಾಥ ಗಡಿಯಾರದ ಮೇಲೆ ಬ್ಯಾಟರಿ ಬೆಳಕು ಬಿಟ್ಟು ಕೂತಿದ್ದ. ಹಾಲಮ್ಮ ಎಲೆಅಡಿಕೆ ಕುಟ್ಟುತ್ತಿದ್ದಳು... ಟೊಕ್, ಟೊಕ್. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ ಒಂದು ಉರುಳಿತು... ಗುಡುಗುಡು. ನಿಂತಿತು. ಟೊಕ್ ಟೊಕ್ಕೂ ನಿಂತಿತು.

ಎಂಟು.

ಒಳಗೆ... ಟಿಕ್.

ಆಮೇಲೆ ಗಾಳಿ ಬಿಡುವ ರೆಕ್ಕೆ ತೆರೆದುಕೊಳ್ಳುವ ಸದ್ದು... ಕ್ರ್‌ರ್‌ರ್. ಆಮೇಲೆ ಯಂತ್ರದ್ದಲ್ಲದ ಸದ್ದು. ಗೊರ್... ಸುಂಯ್... ಗೊರ್... ಸುಂಯ್. ಉಬ್ಬಸದವರ ಉಸಿರು. ಬಾಗಿಲ ಕೆಳಗೆ ಹಳದಿ ಗೆರೆ ಬಿತ್ತು. ನಾಗಭೂಷಣನ ಕಾಲ್ಬೆರಳಿಗೆ ತಣ್ಣನೆ ಗಾಳಿ ತಾಕಿತು.

ಹಾಲಮ್ಮ ಮೆಲ್ಲಗೆ ಅಂದಳು. "ಬಾವಿ ಆ ಕಡೆ ಐತೆ ಕಣಪ್ಪ."

ಅವನು ಬೀಗ ತೆಗೆದ. ಉಸಿರು ನಿಂತಿತು. ಕೋಣೆ ಮಂಜಿನಂತೆ ತಣ್ಣಗಿತ್ತು. ಪ್ಲಗ್ಗು ನೆಲದ ಮೇಲೇ ಬಿದ್ದಿತ್ತು, ಟೇಪು ಸುತ್ತಿದ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ಫಿಲ್ಟರ್ ಎಳೆದ. ದೂಳು ಬೆರಳು ದಪ್ಪ. ಅದನ್ನು ಚೀಲಕ್ಕೆ ತುರುಕಿ, ಯಾರ ಮುಖವನ್ನೂ ನೋಡದೆ, ಬಾವಿಯ ಹತ್ತಿರ ಹೋಗಿ ಚೀಲವನ್ನೇ ಎಸೆದ.

ದುಬುಕ್.

ಸ್ವಲ್ಪ ಹೊತ್ತು ಬಿಟ್ಟು, ಕೆಳಗಿಂದ... ಕೀಂ.

ಬೆಳಿಗ್ಗೆ ಹಾಲಮ್ಮ ಬಾಗಿಲು ತೆಗೆದರೆ ಚೀಲ ಜಗಲಿಯ ಮೇಲಿತ್ತು. ಬಿಸಿಲು ಬೀಳದ ಮೂಲೆಯಲ್ಲಿ. ಒಳಗೆ ಫಿಲ್ಟರ್ ಹೊಸದರ ಹಾಗಿತ್ತು. ದೂಳಿಲ್ಲ, ಎಣ್ಣೆಯ ಪಸೆಯಿಲ್ಲ. ಕೋಣೆಯಲ್ಲಿ ದೀಪ ಆರಿತ್ತು. ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಹತ್ತಿಲ್ಲ.

ಹಾಲಮ್ಮ ಫಿಲ್ಟರನ್ನು ತಿರುಗಿಸಿ ನೋಡಿದಳಂತೆ. "ಐವತ್ತು ವರ್ಸ ನಾನು ಬಡ್ಕಂಡೆ," ಅಂದಳಂತೆ. "ಹೊರಗಿನೋನು ಬಂದು ಬೈದ ಮ್ಯಾಲೆ ಒಂದು ಕೆಲ್ಸ ಮಾಡವ್ನೆ."

ಇದು ಕಟ್ಟಿದ ಕತೆಯಲ್ಲ. ನಾಗಭೂಷಣ ಈಗ ಹುಳಿಯಾರಿನ ಕಡೆ ಕುರಿ ಕಾಯುತ್ತಾನೆ, ಹೋಗಿ ಕೇಳಬಹುದು. ಅಂದು ಮಧ್ಯಾಹ್ನ ಹುಚ್ಚರಂಗಯ್ಯ ಆ ಚೀಲವನ್ನು ನಮ್ಮ ಪಕ್ಕದ ನಾಗಭೂಷಣನ ಮನೆಗೆ ತಂದು ಕೊಟ್ಟಾಗ ನಾನು ಅಲ್ಲೇ ಇದ್ದೆ. ಬಾವಿಗೆ ಬಿದ್ದ ಚೀಲ ಅದು. ಬಟ್ಟೆ ಒಣಗಿತ್ತು. ಸ್ಪ್ಯಾನರು, ಟೇಪು, ಎಲ್ಲ ಒಣಗಿತ್ತು. ನಾನೇ ಕೈ ಹಾಕಿ ನೋಡಿದ್ದೇನೆ.

ಬ್ರಷ್ಷು ಮಾತ್ರ ಒದ್ದೆಯಾಗಿತ್ತು.